ಪ್ರಶ್ನೆ ನಿಮ್ದು, ಉತ್ತರ ನಮ್ದು: ಕೊಡಗಲ್ಲಿ ಹಾಡು ಎಲ್ಲಿ ಸಿಗುತ್ತೆ?

ಹೋದ ಸಂಚಿಕೇಲಿ ಗೋಣಿಕೊಪ್ಪದ ಭಾನುವಾರದ ಸಂತೇಲಿ ನೋಡಿದ ಕೋಲೆ ಬಸವನ ಬಗ್ಗೆ ನಾಲ್ಕು ಸಾಲು ಬರ್ದಿದ್ದೆ. ಟೊಮೇಟೊ ರಾಶಿ ಪಕ್ಕ ನಿಂತು ಒಬ್ರು ವಾಲಗ ಊದ್ತಿದ್ರು, ಇನ್ನೊಬ್ರು ಡೋಲು ಬಡೀತಿದ್ರು, ಬಸವ ತಲೆ ಆಡಿಸ್ತಿತ್ತು, ಜನ ಚೀಲ ಹಿಡ್ಕೊಂಡು ಸುಮ್ನೆ ದಾಟಿ ಹೋಗ್ತಿದ್ರು, ಅಷ್ಟೇ ಬರ್ದಿದ್ದು. ಅದಕ್ಕೆ ಇಷ್ಟೊಂದು ಕಾಗದ, ಇಷ್ಟೊಂದು ಮೆಸೇಜ್ ಬರುತ್ತೆ ಅಂತ ಅಂದ್ಕೊಂಡಿರ್ಲಿಲ್ಲ. ಹೆಚ್ಚಿನವರು ಕೇಳಿದ್ದು ಒಂದೇ, ಟೂರ್ ಬಂದಾಗ ಇಂಥದ್ದೆಲ್ಲ ನಮ್ಗ್ಯಾಕೆ ಕಾಣಲ್ಲ ಅಂತ. ಹಾಗಾಗಿ ಈ ಸಲ ಕಾಲಂ ಪೂರ್ತಿ ಅದಕ್ಕೇ.

ನಾಲ್ಕು ಸಲ ಕೊಡಗಿಗೆ ಬಂದಿದೀವಿ. ಅಬ್ಬಿ ಫಾಲ್ಸ್, ದುಬಾರೆ, ರಾಜಾಸೀಟ್ ಎಲ್ಲಾ ಆಯ್ತು. ಆದ್ರೆ ಇಲ್ಲಿಯ ಹಾಡು, ವಾದ್ಯ ಒಂದೂ ಕಿವಿಗೆ ಬೀಳ್ಲಿಲ್ಲ. ಯಾವ ಜಾಗಕ್ಕೆ ಹೋಗ್ಬೇಕು ಹೇಳಿ ಮೇಡಂ.
*– ಗಂಡ ಹೆಂಡ್ತಿ, ಬೆಂಗಳೂರು*

ಯಾವ ಜಾಗ ಅಂತ ಕೇಳ್ಬೇಡಿ, ಯಾವ ದಿನ ಅಂತ ಕೇಳಿ. ಕೊಡಗಿನ ಹಾಡಿಗೆ ಅಡ್ರೆಸ್ ಇಲ್ಲ, ತಿಥಿ ಇದೆ. ಇಲ್ಲಿ ಸಂಗೀತ ಅನ್ನೋದು ಭತ್ತ ಕೊಯ್ಯೋದರ ಜೊತೆ, ಮದುವೆ ಜೊತೆ, ಸಾವಿನ ಜೊತೆ, ದೇವರ ಹಬ್ಬದ ಜೊತೆ ಬರುತ್ತೆ, ಆ ಕೆಲ್ಸ ಮುಗಿದ ಮೇಲೆ ವಾದ್ಯ ಮತ್ತೆ ಅಟ್ಟ ಸೇರುತ್ತೆ. ನೀವು ವೀಕೆಂಡ್ ನೋಡ್ಕೊಂಡು ಬರ್ತೀರ, ಹಬ್ಬ ಹುಣ್ಣಿಮೆ ನೋಡ್ಕೊಂಡು ಬರುತ್ತೆ, ಇಬ್ರೂ ಒಬ್ರಿಗೊಬ್ರು ಸಿಗೋದೇ ಇಲ್ಲ.

ಒಂದೇ ಒಂದು ಸಲ ಬರೋದಾದ್ರೆ ಪುತ್ತರಿಗೆ ಬನ್ನಿ. ಕನ್ನಡದಲ್ಲಿ ಹುತ್ತರಿ ಅಂತೀವಲ್ಲ, ಹೊಸ ಭತ್ತದ ಕದಿರು ಮನೆಗೆ ತರೋ ಸುಗ್ಗಿ ಹಬ್ಬ, ಅದೇ. ನವೆಂಬರ್ ಕೊನೆ ಇಲ್ಲಾ ಡಿಸೆಂಬರ್ ಹುಣ್ಣಿಮೆ ಹತ್ರ ಬೀಳುತ್ತೆ, ಕಕ್ಕಬ್ಬೆ ಹತ್ರದ ಪಾಡಿ ಇಗ್ಗುತ್ತಪ್ಪ ದೇವಸ್ಥಾನದಲ್ಲಿ ದಿನ, ಮುಹೂರ್ತ ಎಲ್ಲ ಗೊತ್ತು ಮಾಡ್ತಾರೆ, ಗೊತ್ತಾದ ತಕ್ಷಣ ಇಲ್ಲಿಯ ಪೇಪರಲ್ಲೂ ಬರುತ್ತೆ. ಆ ರಾತ್ರಿ ಗದ್ದೇಲಿ ಕದಿರು ಕೊಯ್ದು ಕೋವಿ ಹಾರಿಸಿ ‘ಪೊಲಿ ಪೊಲಿ ದೇವಾ’ ಅಂತ ಕೂಗ್ತಾ ಮನೆಗೆ ತರೋದು ಮನೆಯವರ ಪೂಜೆ, ಕರೆದ್ರೆ ಮಾತ್ರ ಹೋಗ್ಬೇಕು. ಆದ್ರೆ ಅದರ ಮುಂದಿನ ದಿನಗಳಿದಾವಲ್ಲ, ಆಗ ಊರೂರಿನ ಮಂದ್‌ಗಳಲ್ಲಿ ಕೋಲಾಟ ಶುರುವಾಗುತ್ತೆ. ಮಂದ್ ಅಂದ್ರೆ ಊರಿಗೆ ಸೇರಿದ ಹುಲ್ಲಿನ ಬಯಲು, ಸಾಮಾನ್ಯಕ್ಕೆ ಪಕ್ಕದಲ್ಲೊಂದು ದೊಡ್ಡ ಮರ ಇರುತ್ತೆ, ಬೇರೆ ದಿನ ಹೋದ್ರೆ ಎಮ್ಮೆ ಮೇಯ್ತಿರುತ್ತೆ ಅಷ್ಟೇ, ಇದೊಂದು ಜಾಗ ಅಂತಾನೇ ಅನ್ಸಲ್ಲ. ಕೋಲಾಟದ ದಿನ ಅದೇ ಬಯಲಲ್ಲಿ ಕುಪ್ಯ ಅನ್ನೋ ಉದ್ದ ನಿಲುವಂಗಿ, ಚೇಲೆ ಅನ್ನೋ ನಡುಪಟ್ಟಿ ತೊಟ್ಟ ಗಂಡಸರು ಸುತ್ತು ಕಟ್ಕೊಂಡು ಕೋಲು ಹೊಡೀತಾ ಸುತ್ತೋದು ನೋಡ್ಬೇಕು, ಪರಿಯಕಳಿ ಅಂತ ಇನ್ನೊಂದಿದೆ, ಒಬ್ರ ಕಾಲಿಗೆ ಒಬ್ರು ಬೆತ್ತದಲ್ಲಿ ಹೊಡೆಯೋ ಆಟ, ಗುರಾಣಿ ಅಡ್ಡ ಹಿಡೀತಾರೆ, ಅದು ನಡೆಯುವಾಗ ವಾದ್ಯದ ಬಿರುಸೇ ಬೇರೆ. ಹಳ್ಳಿ ದಾರಿ ಗೊತ್ತಾಗಲ್ಲ ಅಂದ್ರೆ ಮಡಿಕೇರಿ ಕೋಟೆ ಆವರಣದಲ್ಲೂ ಪುತ್ತರಿ ಕೋಲಾಟ ನಡೆಯುತ್ತೆ, ಬಸ್ ಸ್ಟ್ಯಾಂಡಿಂದ ನಡ್ಕೊಂಡೇ ಹೋಗ್ಬಹುದು.

ಇದಕ್ಕಿಂತಲೂ ನಂಗೆ ಇಷ್ಟ ಆಗೋದು ಮನೆಪಾಟ್. ಪುತ್ತರಿ ಸಮಯದಲ್ಲಿ ನಾಲ್ಕು ಜನ ಹಾಡುಗಾರರು ದುಡಿ ಹಿಡ್ಕೊಂಡು ಮನೆಯಿಂದ ಮನೆಗೆ ಹಾಡ್ತಾ ಹೋಗ್ತಾರೆ. ದುಡಿ ಅಂದ್ರೆ ಡಮರು ತರ ನಡು ಸಣ್ಣಗಿರೋ ಪುಟ್ಟ ವಾದ್ಯ, ಎಡಗೈಲಿ ಹಿಡಿದು ಬಲಗೈಲಿ ಸಣ್ಣ ಕೋಲಿಂದ ಬಡೀತಾರೆ. ಹತ್ರ ನಿಂತು ಎಡಗೈ ನೋಡಿ, ಎಲ್ಲರೂ ಕೋಲನ್ನೇ ನೋಡ್ತಾರೆ ಆದ್ರೆ ಕೆಲ್ಸ ಇರೋದು ಎಡಗೈಲಿ, ನಡುವಿನ ಹಗ್ಗಾನ ಬೆರಳಲ್ಲಿ ಒತ್ತಿ ಬಿಟ್ಟು ಮಾಡಿದಾಗ ಅದೇ ಚರ್ಮ ಒಮ್ಮೆ ದಪ್ಪ ದನಿ ಒಮ್ಮೆ ಸಣ್ಣ ದನಿ ಕೊಡುತ್ತೆ. ಇಬ್ರು ಒಂದು ಸಾಲು ಹೇಳ್ತಾರೆ, ಉಳಿದಿಬ್ರು ಅದನ್ನ ಎತ್ಕೊಂಡು ತಿರುಗಿ ಹೇಳ್ತಾರೆ. ನಾನು ಒಂದ್ಸಲ ಪೊನ್ನಂಪೇಟೆ ಕಡೆ ಒಂದು ಮನೆ ಜಗಲೀಲಿ ಕೂತು ಕೇಳಿದೀನಿ, ಮಂಜು ಬಿದ್ದು ಅಂಗಳ ಒದ್ದೆ ಆಗಿತ್ತು, ಮನೆ ಅಜ್ಜಿ ದೀಪದ ಬತ್ತಿ ಸರಿ ಮಾಡ್ತಾ ಪ್ರತಿ ಸಾಲನ್ನೂ ಬಾಯಲ್ಲೇ ಜೊತೆಗೆ ಹೇಳ್ತಿದ್ರು, ಒಂದು ಕಡೆ ಹಾಡುಗಾರರು ಸಾಲು ಬಿಟ್ಟುಬಿಟ್ರು, ಅಜ್ಜಿ ‘ಹಾಂ’ ಅಂತ ತಡೆದು ಬಿಟ್ಟ ಸಾಲು ಹೇಳ್ಕೊಟ್ರು, ನಾಲ್ಕೂ ಜನ ತಲೆ ಬಗ್ಗಿಸಿ ಹಿಂದಕ್ಕೆ ಹೋಗಿ ಅಲ್ಲಿಂದ ಮತ್ತೆ ಹಾಡಿದ್ರು. ಅವತ್ತಿಂದ ನಾನು ಎಲ್ಲರಿಗೂ ಹೇಳೋದು ಇದೇ, ಪುತ್ತರಿಗೇ ಬನ್ನಿ.

ಅದು ಬಿಟ್ರೆ ಶಿವರಾತ್ರಿ ಕಳೆದ ಮೇಲೆ ಮೇ ತನಕ ದಕ್ಷಿಣ ಕೊಡಗಲ್ಲಿ ಭಗವತಿ, ಅಯ್ಯಪ್ಪ ದೇವಸ್ಥಾನಗಳ ಹಬ್ಬ, ರಾತ್ರಿ ಇಡೀ ಚೆಂಡೆ ಜೊತೆ ತೆರೆ ಕಟ್ಟೋದು, ಅಂದ್ರೆ ದೇವರ ವೇಷ ಕಟ್ಟಿ ಕುಣಿಯೋದು, ಇರುತ್ತೆ. ಸೋಮವಾರಪೇಟೆ ಕಡೆ ಸುಗ್ಗಿ ಕುಣಿತ. ಏಪ್ರಿಲ್ ಮೇ ತಿಂಗಳಲ್ಲಿ ಕೊಡವ ಕುಟುಂಬಗಳ ಹಾಕಿ ಹಬ್ಬ, 1997ರಲ್ಲಿ ಕರಡದಲ್ಲಿ ಶುರುವಾಗಿದ್ದು, ಅದರ ಉದ್ಘಾಟನೆ ದಿನ, ಫೈನಲ್ ದಿನ ವಾಲಗಕ್ಕೆ ಸ್ಟ್ಯಾಂಡಲ್ಲಿರೋ ಅಜ್ಜಂದಿರೂ ಎದ್ದು ಕುಣೀತಾರೆ. ಡೇಟ್ ತಿಳ್ಕೊಳ್ಳೋಕೆ ಮಡಿಕೇರಿಯ ‘ಶಕ್ತಿ’ ಪತ್ರಿಕೆ ತಗೊಳ್ಳಿ, ಊರ ಹಬ್ಬದ ಸುದ್ದಿ ಅದರಲ್ಲಿ ಬರುತ್ತೆ. ಇಲ್ಲಾಂದ್ರೆ ಚಾ ಅಂಗಡೀಲಿ ಕೂತು ‘ಇಲ್ಲಿ ಹತ್ರ ಎಲ್ಲಾದ್ರೂ ನಮ್ಮೆ ಉಂಟಾ’ ಅಂತ ಕೇಳಿ. ನಮ್ಮೆ ಅಂದ್ರೆ ಹಬ್ಬ. ಆ ಒಂದು ಮಾತು ಬಾಯಿಗೆ ಬಂದ್ರೆ ಸಾಕು, ಕೌಂಟರಲ್ಲಿರೋರೇ ಎದ್ದು ಬಂದು ದಾರಿ ಹೇಳ್ತಾರೆ.

ಮಕ್ಕಳನ್ನ ಕರ್ಕೊಂಡು ಜುಲೈನಲ್ಲಿ ಬರ್ತಾ ಇದೀವಿ, ಆಗ ಏನಾದ್ರೂ ಸಿಗುತ್ತಾ?
*– ಟೀಚರ್ ಒಬ್ರು, ಹಾಸನ*

ಮಳೆ ಸಿಗುತ್ತೆ, ಬೇಕಾದಷ್ಟು. ವಾದ್ಯ ಸಿಗಲ್ಲ. ಕಕ್ಕಡ ತಿಂಗಳು ಅಂದ್ರೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದ ತನಕ ನಾಟಿ ಕೆಲ್ಸ, ಶುಭಕಾರ್ಯ ಇಲ್ಲ, ಚರ್ಮದ ವಾದ್ಯಗಳು ತೇವಕ್ಕೆ ಸಡಿಲ ಆಗಿ ದನಿಯೇ ಬರಲ್ಲ, ಒಲೆ ಮೇಲೆ ತೂಗುಹಾಕಿರ್ತಾರೆ. ಸೆಪ್ಟೆಂಬರ್ 3ರ ಕೈಲ್ ಪೊಳ್ದ್, ಅಂದ್ರೆ ಆಯುಧ ಪೂಜೆ ಹಬ್ಬ, ಬಂದ ಮೇಲೇನೇ ಮತ್ತೆ ಊರು ಎಚ್ಚರ ಆಗೋದು. ಬಂದೇ ಬರ್ತೀವಿ ಅಂತಾದ್ರೆ ಕಾರಲ್ಲಿ ಮಡಿಕೇರಿ ಆಕಾಶವಾಣಿ ಹಾಕಿ, ಎಫ್‌ಎಂ 103.1. ಕೊಡವ, ಅರೆಭಾಷೆ ಹಾಡುಗಳು ಬರ್ತವೆ. ಮಕ್ಕಳಿಗೆ ಒಂದೇ ಜಿಲ್ಲೇಲಿ ಎಷ್ಟು ಭಾಷೆ ಇದೆ ಅಂತ ಪಾಠ ಮಾಡದೇನೇ ಗೊತ್ತಾಗುತ್ತೆ.

ನಾವು ಉಳ್ಕೊಳ್ಳೋ ಕಡೆ ‘ಕ್ಯಾಂಪ್‌ಫೈರ್ ಜೊತೆ ಕೂರ್ಗ್ ಡ್ಯಾನ್ಸ್’ ಅಂತ ಪ್ಯಾಕೇಜ್ ಇದೆ. ತಗೋಬಹುದಾ? ಅದು ಒರಿಜಿನಲ್ಲಾ?
*– ಮೈಸೂರು*

ಕುಣಿಯೋರು ಒರಿಜಿನಲ್ಲೇ, ಅದರಲ್ಲಿ ಅನುಮಾನ ಬೇಡ. ಹೆಂಗಸರ ಕುಣಿತ ಉಮ್ಮತ್ತಾಟ್, ಗಂಡಸರ ಕುಣಿತ ಬೊಳಕಾಟ್ ಕಲ್ತ ತಂಡಗಳು ವೇದಿಕೆ ಮೇಲೂ ಕುಣೀತಾರೆ, ಉಮ್ಮತ್ತಾಟನ್ನ ಉಳಿಸಿ ಬೆಳೆಸಿದ ರಾಣಿ ಮಾಚಯ್ಯ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತಲ್ಲ, ಅಂದ್ರೆ ಸ್ಟೇಜ್ ಅಂದ ತಕ್ಷಣ ಕಮ್ಮಿ ಅಂತ ತಿಳ್ಕೋಬೇಡಿ. ತೊಂದರೆ ಇರೋದು ಬೇರೆ ಕಡೆ. ನಾನು ಒಂದ್ಸಲ ಒಂದು ರೆಸಾರ್ಟಲ್ಲಿ, ಹೆಸರು ಬೇಡ, ರಾತ್ರಿ ಊಟಕ್ಕೆ ಹೋಗಿದ್ದೆ. ವಾಲಗದವರನ್ನ ಬಫೆ ಟೇಬಲ್ ಪಕ್ಕ, ಬಿಸಿ ಬಿಸಿ ರೊಟ್ಟಿ ಸುಡೋ ಜಾಗದ ಹಿಂದೆ ನಿಲ್ಲಿಸಿದ್ರು. ಒಂದೂವರೆ ಗಂಟೆ ಊದಿದ್ರು, ಒಂದು ಲೋಟ ನೀರು ಕೂಡ ಯಾರೂ ಕೊಡ್ಲಿಲ್ಲ. ಕೊಂಬು ಊದೋ ಹಿರಿಯರು ಮಧ್ಯದಲ್ಲಿ ಕೊಂಬು ಇಳಿಸಿ ತುಟಿ ಒರೆಸ್ಕೊಂಡ್ರು, ಬಾಯಿ ಹತ್ರದ ಹಿತ್ತಾಳೆ ಹೊಳೀತಿತ್ತು, ಕೆಳಗಿನ ಸುತ್ತು ಕಪ್ಪಾಗಿತ್ತು, ಭಾಗಗಳು ಸೇರೋ ಕಡೆ ಬಟ್ಟೆ ನೂಲು ಸುತ್ತಿದ್ರು, ಅಷ್ಟರಲ್ಲಿ ಒಬ್ಬ ಮ್ಯಾನೇಜರ್ ಬಂದು ‘ಯಾಕೆ ನಿಲ್ಸಿದ್ರಿ’ ಅಂತ ಕೇಳ್ದ. ಆಮೇಲೆ ಹೊರಗೆ ಅವರ ಜೀಪ್ ಹತ್ರ ಮಾತಾಡ್ಸಿದಾಗ ಹಿಂದಿನ ಸಲದ ದುಡ್ಡೇ ಇನ್ನೂ ಬಂದಿಲ್ಲ ಅಂದ್ರು. ನಂಗೆ ಅವತ್ತು ತಿಂದಿದ್ದು ಮೈಗೆ ಹತ್ತಲಿಲ್ಲ.

ಹಾಗಾಗಿ ಪ್ಯಾಕೇಜ್ ತಗೊಳ್ಳಿ, ಆದ್ರೆ ಮೂರು ಮಾತು ಬುಕ್ ಮಾಡೋವಾಗ್ಲೇ ಕೇಳಿ. ಬರೋರು ಯಾವ ಊರಿನ ತಂಡ, ಅವರಿಗೆ ಇದರಲ್ಲಿ ಎಷ್ಟು ಹೋಗುತ್ತೆ, ಅವರಿಗೆ ಊಟ ಇದೆಯಾ. ಇಷ್ಟು ಕೇಳೋ ಗಿರಾಕಿ ಇದ್ದಾರೆ ಅಂತ ಗೊತ್ತಾದ್ರೇನೇ ಮಾಲೀಕರು ಸರಿ ಮಾಡ್ತಾರೆ. ಮುಗಿದ ಮೇಲೆ ಬಕ್ಷೀಸು ಕೊಡೋದಾದ್ರೆ ತಂಡದ ಹಿರಿಯರ ಕೈಗೆ ಕೊಡಿ, ಎರಡೂ ಕೈಯಲ್ಲಿ ಕೊಡಿ, ಬಿಸಾಡೋದು ಬೇಡ, ಯಾರೋ ನೋಟನ್ನ ಡೋಲಿನ ಮೇಲೆ ಅಂಟಿಸೋದು ನೋಡಿದೀನಿ, ಅದು ಚರ್ಮಕ್ಕೂ ಒಳ್ಳೇದಲ್ಲ ಮನುಷ್ಯರಿಗೂ ಒಳ್ಳೇದಲ್ಲ.

ಮೇ ಕೊನೇಲಿ ಗೋಣಿಕೊಪ್ಪದ ಹತ್ರ ನಮ್ಮ ಕಾರನ್ನ ವೇಷ ಹಾಕಿದ ಗುಂಪು ತಡೆದು ಡಬ್ಬ ಬಡೀತಾ ಕೆಟ್ಟ ಕೆಟ್ಟದಾಗಿ ಬೈದು ದುಡ್ಡು ಕೇಳಿದ್ರು. ಹೆಣ್ಣುಮಕ್ಕಳು ಹೆದರಿಬಿಟ್ರು. ಇದೇನು ಕಲೆನಾ, ದರೋಡೆನಾ?
*– ಹುಣಸೂರು*

ಹೆದರಿದ್ದು ಸಹಜ, ಗೊತ್ತಿಲ್ಲದೇ ಸಿಕ್ಕಿಹಾಕ್ಕೊಂಡ್ರೆ ಯಾರಿಗಾದ್ರೂ ಎದೆ ಹೊಡ್ಕೊಳ್ಳುತ್ತೆ. ನೀವು ನೋಡಿದ್ದು ಕುಂಡೆ ಹಬ್ಬ, ಬೇಡು ಹಬ್ಬ ಅಂತಲೂ ಅಂತಾರೆ. ದೇವರಪುರದ ಅಯ್ಯಪ್ಪ ಭದ್ರಕಾಳಿ ದೇವಸ್ಥಾನದ್ದು. ಜೇನುಕುರುಬರು, ಬೆಟ್ಟಕುರುಬರು, ಯರವರು, ಕಾಫಿ ತೋಟದಲ್ಲಿ ವರ್ಷವಿಡೀ ದುಡಿಯೋ ಜನ, ಅವರ ಹಬ್ಬ. ಕಥೆ ಹೀಗೆ: ಅಯ್ಯಪ್ಪ ದೇವರು ಇವರನ್ನ ಬೇಟೆಗೆ ಅಂತ ಕಾಡಿಗೆ ಕರ್ಕೊಂಡು ಹೋಗಿ, ಅಲ್ಲಿ ಭದ್ರಕಾಳಿ ಕಂಡ ತಕ್ಷಣ ಅವಳ ಜೊತೆ ಹೊರಟೇ ಹೋದ, ಇವರನ್ನ ಕಾಡಲ್ಲೇ ಬಿಟ್ಟ. ಆ ಸಿಟ್ಟಿಗೆ ವರ್ಷಕ್ಕೊಂದು ಸಲ ದೇವರನ್ನೇ ಬೈತಾರೆ, ಬೈಗುಳಾನ ಹಾಡು ಮಾಡಿ ಬೈತಾರೆ, ಎದುರಿಗೆ ಸಿಕ್ಕ ಎಲ್ಲರನ್ನೂ ಸೇರಿಸಿ. ಗಂಡಸರು ಸೀರೆ ನೈಟಿ ಹಾಕ್ಕೋತಾರೆ, ಮೈಗೆ ಮಸಿ ಬಳ್ಕೋತಾರೆ, ಸೋರೆಬುರುಡೆ, ಪ್ಲಾಸ್ಟಿಕ್ ಕ್ಯಾನ್, ತಗಡಿನ ಡಬ್ಬ ಏನು ಸಿಗುತ್ತೋ ಅದೇ ವಾದ್ಯ. ಬೇಡಿದ ದುಡ್ಡಲ್ಲಿ ಒಂದು ಪಾಲು ದೇವಸ್ಥಾನಕ್ಕೆ ಹೋಗುತ್ತೆ, ಕೊನೆಗೆ ಅಲ್ಲೇ ನಿಂತು ಬೈದಿದ್ದಕ್ಕೆ ತಪ್ಪಾಯ್ತು ಅಂತ ಕೇಳ್ಕೋತಾರೆ.

ನೀವು ಕೇಳಿದ ಬೈಗುಳ ನಿಮಗೆ ಬೈದಿದ್ದಲ್ಲ ಅಂತ ತಿಳ್ಕೊಳ್ಳಿ. ವರ್ಷಪೂರ್ತಿ ತೋಟದ ಸಾಹುಕಾರರ ಎದುರು ತಲೆ ತಗ್ಗಿಸೋ ಜನಕ್ಕೆ ಅವತ್ತೊಂದು ದಿನ ಯಾರಿಗೆ ಬೇಕಾದ್ರೂ ಬಾಯಿಗೆ ಬಂದದ್ದು ಅನ್ನೋ ಹಕ್ಕು, ದೇವರೇ ಕೊಟ್ಟ ಹಕ್ಕು. ಇದಕ್ಕಿಂತ ನಿಜವಾದ ಬೀದಿ ಪ್ರದರ್ಶನ ನಮ್ಮ ಸುತ್ತಮುತ್ತ ನಾನು ನೋಡಿಲ್ಲ. ಮುಂದಿನ ಸಲ ಚಿಲ್ಲರೆ ಹತ್ತು ಇಪ್ಪತ್ತರ ನೋಟು ರೆಡಿ ಇಟ್ಕೊಳ್ಳಿ, ಗ್ಲಾಸ್ ಸ್ವಲ್ಪ ಇಳಿಸಿ, ನಗ್ತಾ ಕೊಡಿ, ದಾರಿ ಬಿಡ್ತಾರೆ. ಯಾರಾದ್ರೂ ಕುಡಿದು ಮೈಮೇಲೆ ಬಂದ್ರೆ ಅದು ಹಬ್ಬ ಅಲ್ಲ, ಆಗ ಗ್ಲಾಸ್ ಏರಿಸಿ ಮುಂದೆ ಹೋಗಿ, ಅದರಲ್ಲಿ ಏನೂ ತಪ್ಪಿಲ್ಲ. ವಿಡಿಯೋ ಮಾಡಿ ‘ನೋಡಿ ಕಾಡುಜನ’ ಅಂತ ಹಾಕೋದು ಮಾತ್ರ ದಯವಿಟ್ಟು ಬೇಡ. ಅದನ್ನ ನೋಡಿ ಹಾಡಿಯ, ಅಂದ್ರೆ ಈ ಜನರ ಕೇರಿಯ, ಮಕ್ಕಳು ಸ್ಕೂಲಲ್ಲಿ ಅನುಭವಿಸೋದು ನಂಗೆ ಗೊತ್ತು.

ಗಿಟಾರ್ ನುಡಿಸ್ತೀನಿ, ಕನ್ನಡ ಹಾಡು ಹಾಡ್ತೀನಿ. ರಾಜಾಸೀಟಲ್ಲಿ ಸಂಜೆ ಕೂತು ಹಾಡಿದ್ರೆ ಯಾರಾದ್ರೂ ಏನಾದ್ರೂ ಅಂತಾರಾ?
*– ಕಾಲೇಜು ಹುಡುಗ, ಸುಳ್ಯ*

ರಾಜಾಸೀಟ್ ತೋಟಗಾರಿಕೆ ಇಲಾಖೆ ಕೈಲಿದೆ, ಅಲ್ಲಿ ಟಿಕೆಟ್ ಕೌಂಟರ್ ಪಕ್ಕದ ಆಫೀಸಲ್ಲಿ ಮೊದ್ಲು ಕೇಳಪ್ಪ. ರಸ್ತೆ ಬದಿ ಅಂದ್ರೆ ನಗರಸಭೆ, ಪೊಲೀಸ್ ಠಾಣೆ ಎರಡೂ ಕಡೆ ಒಂದು ಅರ್ಜಿ ಕೊಟ್ರೆ ಒಳ್ಳೇದು. ಸ್ಪೀಕರ್ ಇಟ್ಟೆ ಅಂದ್ರೆ ಪರ್ಮಿಷನ್ ಬೇಕೇ ಬೇಕು, ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಹಾಕೋ ಹಾಗೇ ಇಲ್ಲ. ನಿನ್ನ ಗಂಟಲು ಮತ್ತೆ ಆರು ತಂತಿ ಸಾಕು ಅನ್ಸುತ್ತೆ ನಂಗೆ, ಮಂಜು ಇಳಿಯೋ ಹೊತ್ತಿಗೆ ಆ ಗುಡ್ಡದ ಅಂಚಲ್ಲಿ ಜನ ತಾವಾಗೇ ಮಾತು ಕಮ್ಮಿ ಮಾಡ್ತಾರೆ, ಸಣ್ಣ ದನಿಗೂ ಕಿವಿ ಸಿಗುತ್ತೆ. ಶುಕ್ರವಾರ ಬಾ, ಮಡಿಕೇರಿ ಸಂತೆ ದಿನ. ಸಂತೇಲಿ ಹಾಡೋರು ಯಾರಾದ್ರೂ ಮೊದ್ಲೇ ಇದ್ರೆ ಅವರ ಹತ್ರ ನಿಲ್ಬೇಡ, ದೂರ ಹೋಗಿ ನಿಲ್ಲು, ಅದು ಅವರ ಹೊಟ್ಟೆಪಾಡು.

ನಂಗೆ 71 ವರ್ಷ. ನಿದ್ದೆಗೆಟ್ಟು ನೋಡೋಕಾಗಲ್ಲ, ಗದ್ದೆ ಬದು ನಡೆಯೋಕಾಗಲ್ಲ. ಮಡಿಕೇರಿ ದಸರಾ ನೋಡ್ಬೇಕು ಅಂತ ಆಸೆ.
*– ದಾವಣಗೆರೆ*

ಹಾಗಾದ್ರೆ ಅಮ್ಮ, ವಿಜಯದಶಮಿ ರಾತ್ರಿ ಬಿಟ್ಟುಬಿಡಿ. ದಶಮಂಟಪಗಳ, ಅಂದ್ರೆ ಹತ್ತು ದೇವಸ್ಥಾನಗಳ ಮಂಟಪಗಳ, ಮೆರವಣಿಗೆ ಬೆಳಗಾಗೋ ತನಕ ನಡೆಯುತ್ತೆ, ನೂಕುನುಗ್ಗಲು, ಸೌಂಡಿಗೆ ಎದೆ ನಡುಗುತ್ತೆ. ನೀವು ನವರಾತ್ರಿ ಮೊದಲನೇ ದಿನ ಸಂಜೆ ಬನ್ನಿ. ಪಂಪಿನ ಕೆರೆ ಹತ್ರ ನಾಲ್ಕು ಮಾರಿಯಮ್ಮ ದೇವಸ್ಥಾನಗಳ ಕರಗ ಕಟ್ಟಿ ಊರೊಳಗೆ ಹೊರಡಿಸ್ತಾರೆ, ಹೂವಿನ ಕರಗ ತಲೆ ಮೇಲೆ, ಮುಂದೆ ವಾದ್ಯ, ಹತ್ರದಿಂದ ಕೇಳ್ಬಹುದು. ಆಮೇಲಿನ ದಿನಗಳಲ್ಲಿ ಕರಗಗಳು ಬೀದಿ ಬೀದಿಗೆ, ಮನೆ ಮನೆಗೆ ಬರ್ತವೆ, ನೀವು ಉಳಿಯೋ ಮನೆ ಬಾಗಿಲಿಗೇ ಬಂದ್ರೂ ಬರ್ಬಹುದು, ಒಂದು ಕುರ್ಚಿ ಹಾಕ್ಕೊಂಡು ಕೂತ್ಕೊಳ್ಳಿ. ಇನ್ನೊಂದು, ಫೆಬ್ರವರಿ ಮಾರ್ಚಲ್ಲಿ ಟಿಬೆಟನ್ನರ ಹೊಸ ವರ್ಷ ಲೋಸಾರ್ ಬರುತ್ತಲ್ಲ, ಅದಕ್ಕೆ ಮುಂಚೆ ಬೈಲಕುಪ್ಪೆಯ ನಾಮ್ಡ್ರೋಲಿಂಗ್ ಮಠದಲ್ಲಿ ಲಾಮಾಗಳು ಮುಖವಾಡ ಹಾಕಿ ಕುಣೀತಾರೆ, ಆಳೆತ್ತರ ಮೀರಿದ ಕಹಳೆ ಊದ್ತಾರೆ. ಜಿಲ್ಲೆ ಲೆಕ್ಕದಲ್ಲಿ ಅದು ಮೈಸೂರು, ಆದ್ರೆ ಕುಶಾಲನಗರದಿಂದ ಆಟೋಲಿ ಹೋಗ್ಬಹುದು, ಹಗಲಲ್ಲೇ ನಡೆಯುತ್ತೆ.

ನಮ್ಮಪ್ಪ ಕೊಂಬು ಊದ್ತಾರೆ, ದುಡಿ ಹಾಡೂ ಬರುತ್ತೆ. ಈಗ ಮದುವೆಗೆ ಡಿಜೆ ಕರೀತಾರೆ, ವರ್ಷಕ್ಕೆ ಹತ್ತು ಪ್ರೋಗ್ರಾಂ ಸಿಕ್ಕಿದ್ರೆ ಹೆಚ್ಚು. ನಾನು ಕಲಿಯೋದಾ ಬಿಡೋದಾ? ಅಪ್ಪ ಬೇಡ ಅಂತಾರೆ.
*– ವಿರಾಜಪೇಟೆ ತಾಲ್ಲೂಕು*

ಈ ಕಾಗದ ಮೂರು ದಿನ ಮೇಜಿನ ಮೇಲೇ ಇತ್ತು ತಮ್ಮ. ಟೂರಿಸ್ಟ್‌ಗಳಿಗೆಲ್ಲ ಎಲ್ಲಿ ಬನ್ನಿ ಯಾವಾಗ ಬನ್ನಿ ಅಂತ ಹೇಳೋದು ಸುಲಭ, ಊದೋರೇ ಇಲ್ದಿದ್ರೆ ಅವರು ಬಂದು ಕೇಳೋದಾದ್ರೂ ಏನನ್ನ.

ಅಪ್ಪ ಬೇಡ ಅನ್ನೋದು ವಾದ್ಯದ ಮೇಲಿನ ಬೇಸರ ಅಲ್ಲ. ಬಾಗಿಲ ಹೊರಗೆ ನಿಂತು ಊದಿ, ಕೊನೇ ಪಂಕ್ತೀಲಿ ಉಂಡು, ಹೇಳಿದ ದುಡ್ಡಿಗಿಂತ ಕಮ್ಮಿ ತಗೊಂಡು ಮನೆಗೆ ಬಂದ ನೆನಪು ಅದು. ಡೋಲು ಬಡಿಯೋ ಮೇದರು, ವಾಲಗದವರು ಇಲ್ದೆ ಒಂದು ಕೊಡವ ಮದುವೆ, ಒಂದು ಹಬ್ಬ, ಒಂದು ಸಾವು ಕೂಡ ಸರಿಯಾಗಿ ನಡೆಯಲ್ಲ, ಆದ್ರೂ ಫೋಟೋದಲ್ಲಿ ಅವರ ಮುಖ ಇರಲ್ಲ. ಹಾಗಾಗಿ ಅಪ್ಪನ ಮಾತನ್ನ ತಳ್ಳಿಹಾಕ್ಬೇಡ. ಹೊಟ್ಟೆಪಾಡಿಗೆ ಬೇರೆ ಕೆಲ್ಸ ಇರ್ಲಿ. ಕಲಿಯೋದನ್ನೂ ಬಿಡ್ಬೇಡ.

ಮೊದ್ಲು ಹಾಡಿಂದ ಶುರು ಮಾಡು, ಕೊಂಬಿಗೆ ಉಸಿರು ಬರೋಕೆ ಸಮಯ ಬೇಕು, ಹಾಡು ಅಪ್ಪನ ಬಾಯಲ್ಲಿ ಈಗ್ಲೇ ಇದೆ. ನಡಿಕೇರಿಯಂಡ ಚಿಣ್ಣಪ್ಪನವರು ಹೀಗೆ ಹಾಡೋರ ಬಾಯಿಂದ ಕೇಳಿ ಕೇಳಿ ಬರೆದಿಟ್ಟಿದ್ದಕ್ಕೆ 1924ರಲ್ಲಿ ಕೊಡವ ಜನಪದ ಹಾಡುಗಳ ಪುಸ್ತಕ ‘ಪಟ್ಟೋಲೆ ಪಳಮೆ’ ಅಚ್ಚಾಯ್ತು, ಇಲ್ದಿದ್ರೆ ಅದರಲ್ಲಿ ಎಷ್ಟು ಹಾಡು ಇವತ್ತಿಗೆ ಉಳೀತಿತ್ತು ಹೇಳು. ಅವರ ಹತ್ರ ಪೆನ್ನು ಕಾಗದ ಇತ್ತು, ನಿನ್ನ ಹತ್ರ ಮೊಬೈಲ್ ಇದೆ. ರಾತ್ರಿ ಊಟ ಆದ್ಮೇಲೆ ಅಪ್ಪನ ಎದುರು ಇಡು, ದಿನಕ್ಕೊಂದು ಹಾಡು, ಮಧ್ಯದಲ್ಲಿ ಕೆಮ್ಮಿದ್ರೂ ಮರೆತ್ರೂ ಆಫ್ ಮಾಡ್ಬೇಡ, ಮರೆತಾಗ ಅಪ್ಪ ಹೇಗೆ ಹಿಂದಕ್ಕೆ ಹೋಗಿ ಹುಡುಕ್ತಾರೆ ಅನ್ನೋದೂ ಕಲಿಯೋ ವಿಷಯಾನೇ. ಮಡಿಕೇರಿಯ ಕೊಡವ ಸಾಹಿತ್ಯ ಅಕಾಡೆಮಿಗೆ ಒಂದು ಸಲ ಹೋಗಿ ಬಾ, ತಂಡ ಕಟ್ಟೋದು, ಕಲಾವಿದರ ಮಾಸಾಶನ, ಎಲ್ಲ ಕೇಳ್ಕೊಂಡು ಬಾ, ಅರ್ಜಿ ಅಪ್ಪನ ಹೆಸರಲ್ಲಿ ಹಾಕು.

ಮತ್ತೆ ಪ್ರೋಗ್ರಾಂ ಒಪ್ಪೋವಾಗ ರೇಟು, ಊಟ, ಗಾಡಿ ಬಾಡಿಗೆ ಮೂರನ್ನೂ ಮೆಸೇಜಲ್ಲಿ ಬರೆಸ್ಕೊಳ್ಳೋ ಕೆಲ್ಸ ನೀನು ಮಾಡು, ಅಪ್ಪಂಗೆ ಸಂಕೋಚ ಇರುತ್ತೆ. ಈ ಪುತ್ತರಿಗೆ ನೀವಿಬ್ರೂ ಯಾವ ಮಂದ್‌ಗೆ ಹೋಗ್ತೀರ ಅಂತ ನಂಗೊಂದು ಸಾಲು ಬರಿ. ಚಪ್ಪಲಿ ಹೊರಗೆ ಬಿಟ್ಟು ಬಂದು ಮುಂದಿನ ಸಾಲಲ್ಲೇ ನಿಂತು ಕೇಳ್ತೀನಿ.